ಪಾರ್ಕ್ ಗೇಟ್ ತೆಗೆಯೋದೂ ಕ್ಲೈಮೇಟ್ ಆ್ಯಕ್ಷನ್ನೇ!

ಒಂದು ಪ್ರಶ್ನೆ ಕೇಳ್ತೀನಿ, ಯೋಚನೆ ಮಾಡಿ ಹೇಳಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ ನಿಮ್ಮ ಏರಿಯಾದಲ್ಲಿ ದುಡ್ಡು ಕೊಡದೆ, ಯಾರೂ ಎಬ್ಬಿಸದೆ ನೆರಳಲ್ಲಿ ಕೂತ್ಕೊಳ್ಳೋಕೆ ಜಾಗ ಎಲ್ಲಿದೆ? ಕೆಫೆ ಅನ್ಬೇಡಿ. ಅಲ್ಲಿ ಕೂತ್ಕೋಬೇಕು ಅಂದ್ರೆ ಕಾಫಿ ತಗೋಬೇಕು, ಆ ಕಾಫಿ ರೇಟು ನಿಮಗೇ ಗೊತ್ತು.

ನಮಗೇನೋ ಕ್ಲಾಸ್‌ರೂಮ್ ಇದೆ, ಫ್ಯಾನ್ ಇದೆ (ತಿರುಗಿದ್ರೆ). ಅದೇ ಹೊತ್ತಲ್ಲಿ ನಿಮ್ಮ ಬಿರಿಯಾನಿ ತರ್ತಿರೋ ಹುಡುಗ, ಬೆಳಗ್ಗೆಯಿಂದ ರಸ್ತೆ ಗುಡಿಸಿರೋ ಪೌರಕಾರ್ಮಿಕರು, ತಳ್ಳುಗಾಡಿಯಲ್ಲಿ ಹಣ್ಣು ಮಾರೋ ಅಜ್ಜಿ ಎಲ್ಲಿ ಕೂರ್ತಾರೆ? ಫ್ಲೈಓವರ್ ಕೆಳಗೆ. ಎಟಿಎಂ ಮೆಟ್ಟಿಲ ಮೇಲೆ.

ಬೆಂಗಳೂರು ತಂಪು ಅನ್ನೋ ಡೈಲಾಗ್ ಸಾಕು ಬಿಡಿ. 2024ರ ಏಪ್ರಿಲ್ 28ಕ್ಕೆ 38.5 ಡಿಗ್ರಿ ಮುಟ್ಟಿತ್ತು. ಆ ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ಸಿಗೋ ಮಳೆನೇ ಬರ್ಲಿಲ್ಲ, 1983ರ ನಂತರ ಅದೇ ಮೊದಲು.

ಅದಕ್ಕೂ ಐದು ತಿಂಗಳು ಹಿಂದೆ, 2023ರ ನವೆಂಬರ್‌ನಲ್ಲಿ, ಬಿಬಿಎಂಪಿ ನಗರದ ಕ್ಲೈಮೇಟ್ ಆ್ಯಕ್ಷನ್ ಪ್ಲಾನ್ ಬಿಡುಗಡೆ ಮಾಡಿತ್ತು. ಗುರಿ: 2050ಕ್ಕೆ ನೆಟ್ ಝೀರೋ. ಪ್ಲಾನ್ ಬೇಡ ಅಂತಿಲ್ಲ. ಆದ್ರೆ 2050ಕ್ಕೆ ನಮಗೇ ನಲವತ್ತು ದಾಟಿರುತ್ತೆ. ಆ ಅಜ್ಜಿಗೆ ನೆರಳು ಬೇಕಾಗಿರೋದು ಇವತ್ತು ಮಧ್ಯಾಹ್ನ.

ನನಗೆ ಆ ಪ್ಲಾನ್‌ಗಿಂತ ಇಷ್ಟವಾಗಿದ್ದು 2024ರ ಜೂನ್‌ನ ಒಂದು ಪುಟ್ಟ ನಿರ್ಧಾರ. ಬಿಬಿಎಂಪಿ ಪಾರ್ಕ್‌ಗಳು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಅಂತ. ಅದಕ್ಕೆ ಮುಂಚೆ ಬೆಳಗ್ಗೆ 10ಕ್ಕೆ ಬೀಗ ಹಾಕಿದ್ರೆ ತೆಗೀತಿದ್ದಿದ್ದು ಮಧ್ಯಾಹ್ನ 1:30ಕ್ಕೆ. ಅಂದ್ರೆ ಟೈಮಿಂಗ್ ಇದ್ದಿದ್ದು ವಾಕಿಂಗ್ ಬರೋರಿಗಾಗಿ. ಬಿಸಿಲಲ್ಲಿ ದುಡಿಯೋರು ಆ ಲೆಕ್ಕದಲ್ಲೇ ಇರ್ಲಿಲ್ಲ.

ಬಿಕಾಂನವರೆಲ್ಲ ಕೇಳಿ, ಇದು ನಮ್ಮ ಸಬ್ಜೆಕ್ಟೇ. ಮರ ಬೆಳೆಸಿ ಆಗಿದೆ, ಬೆಂಚ್ ಹಾಕಿ ಆಗಿದೆ, ಕಾಂಪೌಂಡ್ ಕಟ್ಟಿ ಆಗಿದೆ. ಎಲ್ಲಾ ಸಂಕ್ ಕಾಸ್ಟ್. ಇನ್ನು ಮೂರೂವರೆ ಗಂಟೆ ಗೇಟ್ ತೆಗೆದಿಡೋಕೆ ಆಗೋ ಮಾರ್ಜಿನಲ್ ಕಾಸ್ಟ್ ಎಷ್ಟು? ಜಾಸ್ತಿ ಅಂದ್ರೆ ಕಾವಲುಗಾರರಿಗೆ ಇನ್ನೊಂದು ಶಿಫ್ಟ್ ಸಂಬಳ. ಅದನ್ನ ಕೊಡ್ಲೇಬೇಕು, ಅವರಿಂದ ಪುಕ್ಕಟೆ ಓವರ್‌ಟೈಮ್ ಮಾಡಿಸಬಾರದು. ಆದ್ರೂ ಇದಕ್ಕಿಂತ ಅಗ್ಗದ ಕ್ಲೈಮೇಟ್ ಪ್ರಾಜೆಕ್ಟ್ ಇದ್ರೆ ತೋರಿಸಿ.

'ಮಧ್ಯಾಹ್ನ ತೆಗೆದ್ರೆ ಲವರ್ಸ್ ಬಂದು ಕೂರ್ತಾರೆ' ಅಂತಾರೆ. ಕೂರ್ಲಿ ಬಿಡ್ರೀ! ಕುಡಿಯೋಕೆ ಬರ್ತಾರೆ ಅನ್ನೋದು ಮಾತ್ರ ನ್ಯಾಯವಾದ ಭಯ. ಅದಕ್ಕೆ ಕಾವಲುಗಾರರು ಬೇಕು, ಬೀಗ ಅಲ್ಲ.

ಒಂದು ಪಾಲಿಕೆಯಿಂದ ಏನಾಗುತ್ತೆ ಅನ್ನೋರು ಅಹಮದಾಬಾದ್ ಕಡೆ ನೋಡಿ. 2010ರ ಮೇ ತಿಂಗಳ ಬಿಸಿಗಾಳಿಗೆ ಅಲ್ಲಿ ಮಾಮೂಲಿಗಿಂತ 1,344 ಸಾವು ಜಾಸ್ತಿ ಆಗಿದ್ವು. 2013ರಲ್ಲಿ ಅಲ್ಲಿನ ಪಾಲಿಕೆ ಹೀಟ್ ಆ್ಯಕ್ಷನ್ ಪ್ಲಾನ್ ತಂತು: ಮುಂಚಿತ ಎಚ್ಚರಿಕೆ, ಕುಡಿಯೋ ನೀರು, ಆಸ್ಪತ್ರೆ ಸಿಬ್ಬಂದಿಗೆ ಟ್ರೈನಿಂಗ್. ಆಮೇಲೆ ವರ್ಷಕ್ಕೆ ಸುಮಾರು 1,190 ಸಾವು ತಪ್ಪಿವೆ ಅಂತ 2018ರ ಒಂದು ಅಧ್ಯಯನದ ಅಂದಾಜು. ರಾಕೆಟ್ ಸೈನ್ಸ್ ಏನೂ ಮಾಡಿಲ್ಲ ಅವರು.

ನಮ್ಮಲ್ಲಿ ಕಷ್ಟ ಇರೋದು ಯಾರನ್ನ ಕೇಳ್ಬೇಕು ಅನ್ನೋದ್ರಲ್ಲಿ. ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೇ ಮುಗೀತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿನೇ ಹೋಗಿ ಐದು ನಗರ ಪಾಲಿಕೆ ಬಂದ್ವು. ಕಳೆದ ಪಾಲಿಕೆ ಎಲೆಕ್ಷನ್ ನಡೆದಿದ್ದು 2015ರಲ್ಲಿ, ಆಗ ನಾವು ಪ್ರೈಮರಿ ಸ್ಕೂಲು. ವಾರ್ಡ್‌ಗೊಬ್ಬ ಕಾರ್ಪೊರೇಟರ್ ಇದ್ರೆ ಬೈಯೋಕಾದ್ರೂ ಒಂದು ಮುಖ ಇರುತ್ತೆ. ಹಾಗಾಗಿ ಪಾಲಿಕೆಗೆ ನಿಲ್ಲೋರು ಯಾರೇ ವೋಟು ಕೇಳೋಕೆ ಬಂದ್ರೂ 2050ರ ಕಥೆ ಬೇಡ. ಈ ಬೇಸಿಗೆಗೆ ನಮ್ಮ ವಾರ್ಡ್‌ನಲ್ಲಿ ನೆರಳೆಲ್ಲಿ, ಕುಡಿಯೋ ನೀರೆಲ್ಲಿ, ಬಜೆಟ್‌ನಲ್ಲಿ ಅದಕ್ಕೆ ಇಟ್ಟಿರೋ ದುಡ್ಡೆಷ್ಟು? ಈ ಮೂರೇ ಕೇಳಿ.

ಅಲ್ಲಿವರೆಗೆ ಒಂದು ಕೆಲಸ. ನಾಳೆ ಮಧ್ಯಾಹ್ನ 12ರಿಂದ 1ರೊಳಗೆ ನಿಮ್ಮ ಮನೆ ಹತ್ರದ ಪಾರ್ಕ್‌ಗೆ ಹೋಗಿ. ಗೇಟ್ ತೆಗೆದಿದೆಯಾ, ಕುಡಿಯೋ ನೀರಿದೆಯಾ, ಏರಿಯಾ ಹೆಸರಿನ ಜೊತೆ ಕಮೆಂಟ್ ಹಾಕಿ. ಅಲ್ಲಿ ಮಲಗಿರೋರ ಫೋಟೋ ಮಾತ್ರ ತೆಗೀಬೇಡಿ, ಪಾಪ.