ಕಪ್ಪು ಮೈಯಲ್ಲಿ ಕಾಣದ ಪಾಂಡು

ಪಾಂಡು ಎಂದರೆ ಮೈ ಬಿಳಿಚಿಕೊಳ್ಳುವ ರೋಗ. ಇಂದು ರಕ್ತಹೀನತೆ ಎನ್ನುವುದು ಬಹುಮಟ್ಟಿಗೆ ಇದರಲ್ಲಿಯೇ ಅಡಕವಾಗಿದೆ. ಕೋವಿಡ್‌ಗೆ ಮುಂಚಿನ ಮಾತು. ಕಲಘಟಗಿ ತಾಲೂಕಿನ ಕಾಡಂಚಿನಿಂದ ಸಿದ್ದಿ ತಾಯಿಯೊಬ್ಬರು ಧಾರವಾಡದ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ದಣಿವು, ಎದೆಬಡಿತ, ಏದುಸಿರು. ಕಾಡಿನ ಜನ, ಗಟ್ಟಿ ಮೈ ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿ, ಪಚನಕ್ಕೊಂದು ಚೂರ್ಣ ಕೊಟ್ಟು ಕಳುಹಿಸಿದೆವು. ಎರಡನೆಯ ಸಲ ಬಂದಾಗ ಕೆಳರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಸುಣ್ಣದಂಥ ಬಿಳುಪು. ಚರ್ಮದಲ್ಲಿ ತೋರದ ರೋಗ ರೆಪ್ಪೆ, ನಾಲಗೆ, ಉಗುರುಗಳಲ್ಲಿ ಮೊದಲ ದಿನವೇ ಇದ್ದಿರಬೇಕು. ನೋಡದವರು ನಾವು.

ಈ ಕಣ್ತಪ್ಪು ನಮ್ಮೊಬ್ಬರದೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಮೈಯವರಲ್ಲಿ ಕೆಲವೊಮ್ಮೆ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆಂದು 2020ರಲ್ಲಿ ಅಮೆರಿಕದ ವೈದ್ಯರು ಎಚ್ಚರಿಸಿದರು. ಯಂತ್ರಕ್ಕೂ ನಮ್ಮದೇ ಕಣ್ಣು!

ಕಣ್ಣಿನ ದೋಷಕ್ಕಿಂತ ಕಾಗದದ ದೋಷ ಹಿರಿದು. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿಯೇ ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಕಲಘಟಗಿ ಸೀಮೆಗಳಲ್ಲಿರುವ ಸಿದ್ದಿಗಳು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ನಮ್ಮ ಜಿಲ್ಲೆಯವರೂ ಬೆಳಗಾವಿಯವರೂ 2020ರ ವರೆಗೆ ಕಾಯಬೇಕಾಯಿತು. ಬೀಗತನ ಒಂದೇ, ಜಿಲ್ಲೆಯ ಗೆರೆ ಬೇರೆ. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿ ನೆಲೆಸಿ ಸಾಗುವಳಿಯಲ್ಲಿದ್ದರೆ ಸಾಕು. ಉಳಿದವರು 75 ವರ್ಷಗಳ ವಾಸಕ್ಕೆ ಪುರಾವೆ ತರಬೇಕು. ಅಡಗಿ ಬದುಕಿದವರ ಮರಿಮಕ್ಕಳು ಯಾವ ಕಾಗದ ತಂದಾರು? ಹಕ್ಕುಪತ್ರವಿಲ್ಲದವರು ಬಾವಿ ತೋಡಲು ಅಂಜುತ್ತಾರೆ, ಗಿಡ ಹಚ್ಚಲು ಅಂಜುತ್ತಾರೆ, ಕೂಲಿಗೆ ಹೋಗುತ್ತಾರೆ. ಪಾಂಡು ಅಲ್ಲಿಂದ ಮೊದಲಾಗುತ್ತದೆ.

ಚರಕಸಂಹಿತೆಯ ಜನಪದೋದ್ಧ್ವಂಸನೀಯ ಅಧ್ಯಾಯವು ವಾಯು, ಉದಕ, ದೇಶ, ಕಾಲಗಳು ಕೆಟ್ಟು ನಾಡಿಗೆ ನಾಡೇ ರೋಗಕ್ಕೆ ತುತ್ತಾಗುವುದನ್ನು ವಿವರಿಸಿ, ಅದರ ಬೇರನ್ನು ಅಧರ್ಮದಲ್ಲಿ, ಆಳುವವರ ಅಧರ್ಮದಲ್ಲಿಯೂ ಗುರುತಿಸುತ್ತದೆ. ಪರೀಕ್ಷೆಗಾಗಿ ಅದನ್ನು ಕಂಠಪಾಠ ಮಾಡಿದ ನಾವು ಆ ತಾಯಿಗೆ ಹಾಲು, ತುಪ್ಪ, ಖರ್ಜೂರವೆಂದು ಪಥ್ಯ ಬರೆದುಕೊಟ್ಟೆವು. ಆಕೆ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು. ಮೂರನೆಯ ಸಲ ಬರಲಿಲ್ಲ.

ವರ್ಷಕ್ಕೊಂದು ಶಿಬಿರ ನಡೆಸಿ ಲೋಹಾಸವ ಹಂಚುವುದು ಸುಲಭ, ನಾವೂ ಹಂಚಿದ್ದೇವೆ. ಇನ್ನು ಮುಂದೆ ಕಾಡಂಚಿನ ಶಿಬಿರಗಳಿಗೆ ವೈದ್ಯರ ಜೊತೆಗೆ, ಹಕ್ಕುಪತ್ರದ ಅರ್ಜಿಯನ್ನೂ ಜಾತಿ ಪ್ರಮಾಣಪತ್ರದ ಅರ್ಜಿಯನ್ನೂ ಬರೆದುಕೊಡಬಲ್ಲವರೊಬ್ಬರು ಬರಬೇಕೆಂಬುದು ನಮ್ಮ ಅಭಿಪ್ರಾಯ. ಅವರ ಮೇಜನ್ನು ಔಷಧಿಯ ಮೇಜಿನ ಪಕ್ಕದಲ್ಲಿಯೇ ಹಾಕೋಣ.