ಎಳೆಮಕ್ಕಳ ಮನೆಯೂ ಸಂಘದ ಲೆಕ್ಕಕ್ಕೆ ಬರಲಿ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕ ಮಹಾಸಭೆಗಳಲ್ಲಿ ತಪ್ಪದೆ ಕೇಳಿಬರುವ ದೂರೊಂದಿದೆ: ಯುವ ಪೀಳಿಗೆ ಸಂಘದತ್ತ ಮುಖ ಮಾಡುತ್ತಿಲ್ಲ. ಅಭಿಮಾನವಿಲ್ಲ, ಮೊಬೈಲ್ ಬಿಟ್ಟರೆ ಬೇರೆ ಲೋಕವಿಲ್ಲ ಎಂದು ಹಿರಿಯರು ನೊಂದು ನುಡಿಯುತ್ತಾರೆ. ಆದರೆ ಸದಸ್ಯರ ಪಟ್ಟಿಯನ್ನು ತಾಳ್ಮೆಯಿಂದ ನೋಡಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮದುವೆಯಾದ ಹೊಸತರಲ್ಲಿಯೂ ನಾಟಕಕ್ಕೆ, ಕ್ರೀಡಾಕೂಟಕ್ಕೆ ಜೋಡಿಯಾಗಿ ಬರುತ್ತಿದ್ದವರು ಮಗು ಹುಟ್ಟಿದ ಮೇಲೆ ಕಾಣೆಯಾಗುತ್ತಾರೆ. ಅವರ ಅಭಿಮಾನ ಎಲ್ಲಿಗೂ ಹೋಗಿಲ್ಲ, ದಿನಚರಿ ಮಾತ್ರ ಬುಡಸಮೇತ ಬದಲಾಗಿದೆ.

ಡೊಂಬಿವಲಿಯಿಂದಲೋ ವಿರಾರಿನಿಂದಲೋ ಪೇಟೆಯ ಕಚೇರಿಗೆ ಹೋಗಿಬರುವ ದಂಪತಿಯ ದಿನದ ಲೆಕ್ಕ ಹಾಕಿ ನೋಡಬಹುದು. ಬೆಳಗ್ಗೆ 7.30ಕ್ಕೆ ಮನೆ ಬಿಟ್ಟವರು ಮರಳುವುದು ರಾತ್ರಿ 8ಕ್ಕೆ. ಮಗು 9.30ಕ್ಕೆ ಮಲಗಬೇಕು. ಉಳಿದ ಒಂದೂವರೆ ಗಂಟೆಯಲ್ಲಿ ಅಡುಗೆಯಾಗಬೇಕು, ಮಗುವಿಗೆ ಉಣಿಸಬೇಕು, ಮರುದಿನದ ಡಬ್ಬಿಗೆ ತರಕಾರಿ ಹೆಚ್ಚಿಡಬೇಕು, ಮಗುವಿನೊಡನೆ ನಾಲ್ಕು ಮಾತೂ ಆಡಬೇಕು. ಹಸುಗೂಸಿನ ಮನೆಯಾದರೆ ರಾತ್ರಿಯೂ ತಮ್ಮದಲ್ಲ. ಮೊದಲ ಮೂರು ತಿಂಗಳ ಶಿಶು ದಿನಕ್ಕೆ 14ರಿಂದ 17 ಗಂಟೆ ನಿದ್ರಿಸುತ್ತದೆ ನಿಜ, ಆದರೆ ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳುತ್ತದೆ. ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಲಸಿಕೆ, ಆ ಬಳಿಕ ಜ್ವರ. ಜ್ವರ ಬಂದ ಮಗುವನ್ನು ಪಾಲನಾ ಕೇಂದ್ರದವರು ಸೇರಿಸಿಕೊಳ್ಳುವುದಿಲ್ಲ. ಇಬ್ಬರಲ್ಲೊಬ್ಬರು ರಜೆ ಹಾಕಲೇಬೇಕು. ಹೆಚ್ಚಾಗಿ ಹಾಕುವವಳು ತಾಯಿ.

ಹಿಂದಿನವರು ಮಕ್ಕಳನ್ನು ಸಾಕಲಿಲ್ಲವೇ ಎಂದು ಕೇಳುವವರಿದ್ದಾರೆ. ಸಾಕಿದರು, ಆದರೆ ಒಬ್ಬಂಟಿಯಾಗಿ ಸಾಕಲಿಲ್ಲ. ಚೊಚ್ಚಲ ಬಾಣಂತನ ಊರಿನ ತವರುಮನೆಯಲ್ಲಿ ನಡೆಯುತ್ತಿತ್ತು. ಎಣ್ಣೆ ನೀರು, ಬಾಣಂತಿ ಮದ್ದು, ತೊಟ್ಟಿಲು ತೂಗಲು ಹತ್ತು ಕೈ. ಮುಂಬಯಿಗೆ ಮರಳಿದರೆ ಚಾಳಿನ ಉದ್ದ ಗ್ಯಾಲರಿ, ತೆರೆದ ಬಾಗಿಲುಗಳು. ಅಮ್ಮ ನಳ್ಳಿ ನೀರಿಗೆ ಹೋದಾಗ ಮಗು ಪಕ್ಕದ ಮನೆಯ ಮಡಿಲಿನಲ್ಲಿ ಇರುತ್ತಿತ್ತು. ಇಂದು ಚಾಳು ಹೋಗಿ ಗೋಪುರ ಕಟ್ಟಡ ಬಂದಿದೆ, ಬಾಗಿಲು ಮುಚ್ಚಿದೆ. ಊರಿನಿಂದ ಬಂದ ಅಜ್ಜಿಗೆ ಹದಿನೈದನೇ ಮಹಡಿಯಲ್ಲಿ ಮಾತನಾಡಲು ಜನವಿಲ್ಲ. ಅಲ್ಲಿ ತೋಟ ನೋಡುವವರಿಲ್ಲ, ಅಜ್ಜನ ಮಂಡಿನೋವು ಬೇರೆ. ಮೂರು ತಿಂಗಳಲ್ಲಿ ಅವರು ಮರಳುತ್ತಾರೆ.

ಕಾನೂನು ಸ್ವಲ್ಪ ಕೈ ಹಿಡಿದಿದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ವೇತನ ಸಹಿತ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಶಿಶುಪಾಲನೆಗೆ ವ್ಯವಸ್ಥೆ ಮಾಡಬೇಕೆಂದೂ ಆಯಿತು. ಆದರೆ ಹತ್ತು ಜನರ ಅಂಗಡಿಯಲ್ಲಿ ದುಡಿಯುವವಳಿಗೆ ಆ ಪಾಲನಾ ಕೇಂದ್ರ ದಕ್ಕುವುದಿಲ್ಲ. ಆರು ತಿಂಗಳ ರಜೆ ಮುಗಿದ ಮರುದಿನ ಮಗು ದೊಡ್ಡದಾಗಿಬಿಡುವುದೂ ಇಲ್ಲ.

ಇದು ಬರೀ ಆಯಾಸದ ಮಾತಲ್ಲ, ಭಾಷೆಯ ಮಾತೂ ಹೌದು. ಮಗು ತೊದಲು ನುಡಿಯಿಂದ ಪೂರ್ಣ ವಾಕ್ಯಕ್ಕೆ ಬರುವುದು ಹುಟ್ಟಿನಿಂದ ಐದು ವರ್ಷದೊಳಗೆ. ಮನೆಯವರು ಸಂಘದಿಂದ ದೂರವಾಗುವುದೂ ಸರಿಯಾಗಿ ಅದೇ ಐದು ವರ್ಷ. ಹಗಲೆಲ್ಲ ದಾದಿಯ ಹಿಂದಿಯೋ ಮರಾಠಿಯೋ, ಮೂರಕ್ಕೆ ಪ್ಲೇ ಸ್ಕೂಲಿನ ಇಂಗ್ಲಿಷು. ಮರಾಠಿ ಕಲಿತರೆ ತಪ್ಪಿಲ್ಲ, ಅದು ಈ ನೆಲದ ಭಾಷೆ, ಅನ್ನ ಕೊಟ್ಟ ಭಾಷೆ. ಆದರೆ ಮಗುವಿಗೆ ಕನ್ನಡ, ತುಳು ಸಿಗುವುದು ದಣಿದು ಬಂದವರ ಆ ಒಂದೂವರೆ ಗಂಟೆಯಲ್ಲಿ ಮಾತ್ರ. ಅದೂ ಕೈಗಿತ್ತ ಮೊಬೈಲಿನ ಪಾಲಾಗುವುದುಂಟು. ಒಂದು ವರ್ಷದೊಳಗಿನ ಶಿಶುವಿಗೆ ಪರದೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಮಗುವನ್ನು ಎತ್ತಿಕೊಂಡು ಕಥೆ ಹೇಳಲು ಮನೆಯಲ್ಲಿ ಇನ್ನೊಬ್ಬರಿಲ್ಲದಾಗ ಆ ಸಲಹೆ ಪಾಲಿಸುವುದು ಸುಲಭವಲ್ಲ. ಐದು ವರ್ಷದ ಮೇಲೆ ಆ ಮಗುವನ್ನು ಕನ್ನಡ ಭಾಷಣ ಸ್ಪರ್ಧೆಗೆ ಕರೆದರೆ ಬಾಯಿಪಾಠ ಮಾಡಿ ಒಪ್ಪಿಸೀತೇ ಹೊರತು ಮಾತನಾಡಲಾರದು.

ಈ ನಗರದ ಸಂಘಗಳ ಚರಿತ್ರೆಯಲ್ಲೇ ಇದಕ್ಕೆ ದಾರಿಯಿದೆ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ, ಹೀಗೆ ಶತಮಾನದ ಪರಂಪರೆ ಮುಂಬಯಿ ಕನ್ನಡಿಗರದು. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ಅಂದಿನ ಹಿರಿಯರು ರಾತ್ರಿ ಶಾಲೆಗಳನ್ನು ತೆರೆದರು. ಹಗಲು ಶಾಲೆಗೆ ಬಾರದ ಹುಡುಗನಿಗೆ ವಿದ್ಯೆಯ ಆಸಕ್ತಿಯಿಲ್ಲ ಎಂದು ದೂರಲಿಲ್ಲ. ಅವನಿಗೆ ಬಿಡುವಿದ್ದ ಹೊತ್ತಿಗೆ ಶಾಲೆಯನ್ನೇ ಒಯ್ದರು. ಸಾವಿರಾರು ಮಂದಿ ಬದುಕು ಕಟ್ಟಿಕೊಂಡರು. ಇಂದು ಬೇಕಾಗಿರುವುದು ಅದೇ ಬುದ್ಧಿ.

ಸಂಜೆ 5ಕ್ಕೆಂದು ಆಮಂತ್ರಣದಲ್ಲಿ ಮುದ್ರಿಸಿ 6.30ಕ್ಕೆ ದೀಪ ಬೆಳಗಿಸಿ, ಗಣ್ಯರ ಭಾಷಣ, ಸನ್ಮಾನ ಮುಗಿದು ಮಕ್ಕಳ ನೃತ್ಯ ಬರುವಾಗ ರಾತ್ರಿ 9 ದಾಟುವ ಕ್ರಮ ನಿಲ್ಲಬೇಕು. ವರ್ಷಕ್ಕೆ ಕೆಲವಾದರೂ ಕಾರ್ಯಕ್ರಮಗಳು ಭಾನುವಾರ ಬೆಳಗ್ಗೆ ಆರಂಭವಾಗಿ ಊಟದ ಹೊತ್ತಿಗೆ ಮುಗಿಯಲಿ. ಸಭಾಗೃಹದ ಒಂದು ಕೋಣೆಯಲ್ಲಿ ಚಾಪೆ, ನಾಲ್ಕು ಆಟಿಕೆ, ತಾಯಂದಿರು ಹಾಲೂಡಿಸಲು ಪರದೆಯ ಮರೆ ಇರಲಿ. ಮಗು ಅತ್ತರೆ ವೇದಿಕೆಯಿಂದ ದುರುಗುಟ್ಟಿ ನೋಡುವುದು ಬೇಡ. ನಿವೃತ್ತರಾದ ಸದಸ್ಯರು ವಾರಕ್ಕೆ ಎರಡು ಗಂಟೆ ಆ ಕೋಣೆಯಲ್ಲಿ ಕುಳಿತು ಮಕ್ಕಳಿಗೆ ಕಥೆ ಹೇಳಲಿ. ಊರಿನಿಂದ ಬಂದ ಅಜ್ಜಿಯರಿಗೂ ಅಲ್ಲಿ ಜೊತೆ ಸಿಕ್ಕೀತು. ಬಾಣಂತನ ಬಲ್ಲವರ, ನಂಬಿಕೆಯ ಶಿಶುಪಾಲಕಿಯರ ಹೆಸರುಗಳನ್ನು ಮಹಿಳಾ ವಿಭಾಗ ಪಟ್ಟಿ ಮಾಡಿಟ್ಟರೆ ಹೊಸ ತಾಯಿಗೆ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ. ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡು ಸಭೆಗೆ ಬರುವ ತಂದೆಯನ್ನು ಕಂಡು ನಗುವ ಬದಲು ಅವನಿಗೊಂದು ಕುರ್ಚಿ ಕೊಡುವುದು ಒಳ್ಳೆಯದು.

ಇದಕ್ಕೆಲ್ಲ ದೊಡ್ಡ ನಿಧಿ ಬೇಡ, ಹೊಸ ಕಟ್ಟಡವೂ ಬೇಡ. ಒಂದು ವಾರ್ಷಿಕೋತ್ಸವದ ಶಾಲು, ಹಾರ, ಸ್ಮರಣಿಕೆಗೆ ತಗಲುವ ಖರ್ಚಿನಲ್ಲಿ ಸಣ್ಣ ಪಾಲು ಸಾಕು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಪದಾಧಿಕಾರಿಗಳು ಇದನ್ನೊಂದು ವಿಷಯವಾಗಿ ಸೇರಿಸಲಿ. ಐದು ವರ್ಷ ಸಂಘದ ಹೊಸ್ತಿಲು ತುಳಿಯದ ಮನೆ ಆರನೆಯ ವರ್ಷ ತಾನಾಗಿ ಮರಳುವುದು ಅಪರೂಪ.