ಮಕ್ಕಳ ಕೈಯ ವಂದನಪತ್ರ

ಅನ್ನದಾನಕ್ಕಿಂತಲೂ ವಿದ್ಯಾದಾನವು ಹೆಚ್ಚಿನದೆಂದು ಹಿರಿಯರು ಹೇಳುತ್ತ ಬಂದಿರುವರು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಈ ಮಾತನ್ನು ಕೇಳದ ವಾಚಕರು ಇರಲಾರರು. ಮಾತು ದೊಡ್ಡದು, ಅದನ್ನು ಆಡಿದವರ ಕಾಲದಲ್ಲಿ ದಿಟವೂ ಆಗಿದ್ದಿತು. ಪ್ರಜೆಗಳ ಮಕ್ಕಳನ್ನು ಓದಿಸಬೇಕೆಂಬ ಕಟ್ಟಳೆಯು ಅರಸನಿಗೆ ಇಲ್ಲದಿದ್ದ ದಿನಗಳಲ್ಲಿ ಓದಿಸಿದವನು ದಾನಿಯೇ ಸರಿ. ಆದರೆ ಕೊಡಲೇಬೇಕೆಂದು ಶಾಸನವಾದುದನ್ನು ಕೊಟ್ಟಾಗ ಅದನ್ನು ದಾನವೆನ್ನುವುದು ಹೇಗೆ? ಸಾಲಗಾರನು ಸುಮ್ಮನಿದ್ದಾಗ ನೆರೆಯವನೊಬ್ಬನು ಮರುಗಿ ಆ ಸಾಲವನ್ನು ತೀರಿಸಿದನೆಂದು ಇಟ್ಟುಕೊಳ್ಳೋಣ. ನೆರೆಯವನು ಸಜ್ಜನನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನಿಂದ ಉಪಕಾರವಾದದ್ದು ಸಾಲಗಾರನಿಗೇ ಹೊರತು ಸಾಲ ಕೊಟ್ಟವನಿಗಲ್ಲ. ಕೊಟ್ಟವನಿಗೆ ತನ್ನದು ತನಗೆ ಬಂದಿತು, ಅಷ್ಟೆ. ಅವನು ಕೈಮುಗಿದು ನಿಂತು ಭಾವಚಿತ್ರ ತೆಗೆಸಿಕೊಳ್ಳಬೇಕಾದ ಕಾರಣವಿಲ್ಲ. ಬಡ ಪಾಠಶಾಲೆಗಳ ವಿಷಯದಲ್ಲಿ ಇಂದು ನಡೆಯುತ್ತಿರುವುದು ಹೀಗೆ ತಲೆಕೆಳಗಾದ ವ್ಯವಹಾರ. ಅದಕ್ಕೆ ಒಳ್ಳೆಯ ಮನಸ್ಸಿನಿಂದಲೇ ಕೈಗೂಡಿಸುತ್ತಿರುವವರು ಸ್ವಯಂಸೇವಕರಾದ ವಿದ್ಯಾರ್ಥಿಗಳು.

ಈ ಪದ್ಧತಿಯ ಹೆಸರಾಂತ ಉದಾಹರಣೆಯು ಅಮೆರಿಕದ್ದು. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ವಿಂಗ್ಸ್ ಅಕಾಡೆಮಿ ಎಂಬ ಸಾರ್ವಜನಿಕ ಪ್ರೌಢಶಾಲೆಯುಂಟು. ಅಲ್ಲಿ ಚಾರ್ಲ್ಸ್ ಬೆಸ್ಟ್ ಎಂಬ ತರುಣ ಉಪಾಧ್ಯಾಯರು ಸಮಾಜವಿಷಯಗಳನ್ನು ಕಲಿಸುತ್ತಿದ್ದರು. ಪುಸ್ತಕ, ಕಾಗದ, ಬಣ್ಣ ಮೊದಲಾದ ಸಾಮಾನ್ಯ ಸಾಮಗ್ರಿಗಳಿಗಾಗಿ ಸಹೋದ್ಯೋಗಿಗಳು ತಮ್ಮ ಜೇಬಿನ ಹಣವನ್ನು ವೆಚ್ಚಮಾಡುತ್ತಿದ್ದುದನ್ನು ನೋಡಿ ಅವರು 2000ದಲ್ಲಿ 'ಡೋನರ್ಸ್‌ಚೂಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಉಪಾಧ್ಯಾಯನು ತನ್ನ ತರಗತಿಗೆ ಬೇಕಾದುದನ್ನು ಬರೆದು ಅಂತರಜಾಲದ ಪಟ್ಟಿಯಲ್ಲಿ ಪ್ರಕಟಿಸುವನು. ದಾನಿಯು ಪಟ್ಟಿಯನ್ನು ಓದಿ ತನಗೆ ಒಪ್ಪಿದುದನ್ನು ಆರಿಸಿ ಹಣ ಕೊಡುವನು. ಸಂಸ್ಥೆಯು ಹಣವನ್ನು ಉಪಾಧ್ಯಾಯನ ಕೈಗೆ ಕೊಡದೆ ಸಾಮಾನನ್ನೇ ಕೊಂಡು ಶಾಲೆಗೆ ಕಳುಹಿಸುವುದು. ಮೊದಲು ಬೇಡಿಕೆ ಬರೆಯಲು ಉಪಾಧ್ಯಾಯರೇ ಹಿಂಜರಿದರಂತೆ. ಬೆಸ್ಟರು ತಾಯಿ ಮಾಡಿದ ಮರಸೇಬಿನ ಸಿಹಿಯನ್ನು ಹಂಚಿ, ತಿಂದವರೆಲ್ಲರೂ ಒಂದೊಂದು ಬೇಡಿಕೆ ಬರೆಯಬೇಕೆಂದು ಕಟ್ಟು ಮಾಡಿದರು. ಹನ್ನೊಂದು ಬೇಡಿಕೆಗಳು ಬಂದುವು. ದಾನಿಗಳಾರೂ ಇರಲಿಲ್ಲವಾದುದರಿಂದ ಹೆಚ್ಚಿನವಕ್ಕೆ ಅವರೇ ಹೆಸರು ಹೇಳದೆ ಹಣ ತೆತ್ತರು.

ಇನ್ನು ಮುಂದಿನದು ಬಹಳ ಗಮನಿಸತಕ್ಕದ್ದು. ದಾನಿಗಳನ್ನು ಹುಡುಕಿಕೊಟ್ಟವರು ಆ ಶಾಲೆಯ ವಿದ್ಯಾರ್ಥಿಗಳು. ಶಾಲೆ ಬಿಟ್ಟ ಮೇಲೆ ದಿನದಿನವೂ ಕುಳಿತು, ನಾನಾ ಊರುಗಳಲ್ಲಿದ್ದ 2,000 ಮಂದಿಯ ಹೆಸರು ವಿಳಾಸಗಳನ್ನು ಲಕೋಟೆಗಳ ಮೇಲೆ ತಮ್ಮ ಕೈಯಿಂದಲೇ ಬರೆದು ಅವರು ಕಾಗದಗಳನ್ನು ಕಳುಹಿಸಿದರು. 30,000 ಡಾಲರು ಕೂಡಿತು. ಆ ಹಣವು ತಮ್ಮ ತರಗತಿಗೆ ಮಾತ್ರವೇ ಬರುವುದೆಂಬ ಆಸೆಯೂ ಅವರಿಗಿರಲಿಲ್ಲ; ನಗರದ ಇತರ ಶಾಲೆಗಳಿಗೂ ಅದು ಸಲ್ಲತಕ್ಕದ್ದಾಗಿದ್ದಿತು. ತಾವೇ ಇಲ್ಲದವರಾಗಿದ್ದು ಅನ್ಯರಿಗಾಗಿ ದುಡಿದ ಈ ಮಕ್ಕಳನ್ನು ಹಳಿಯುವವನು ಕಲ್ಲೆದೆಯವನೇ ಆಗಿರಬೇಕು. ಅವರ ಶ್ರಮದ ಮೇಲೆ ಎದ್ದುನಿಂತ ಪದ್ಧತಿಯನ್ನು ಪರೀಕ್ಷಿಸುವುದು ಬೇರೆಯ ಮಾತು.

ಸಂಸ್ಥೆಯ ಹೆಸರಿನ ಅರ್ಥವೇ 'ದಾನಿಗಳು ಆರಿಸುವರು' ಎಂದು. ದೋಷದ ಬೇರು ಇಲ್ಲಿಯೇ ಉಂಟು. ಆರಿಸುವವನು ಯಾವುದನ್ನು ನೋಡಿ ಆರಿಸುವನು? ಬೇಡಿಕೆಯ ಬರೆವಣಿಗೆಯನ್ನು ನೋಡಿ. ಹಾಗಾದಮೇಲೆ ಕಣ್ಣೀರು ಬರುವಂತೆ ಬರೆಯಬಲ್ಲ ಉಪಾಧ್ಯಾಯನ ಮಕ್ಕಳಿಗೆ ಪುಸ್ತಕ ದೊರೆಯುವುದು. ಒಳ್ಳೆಯ ಪಾಠ ಹೇಳಿಯೂ ಬರೆಯಲು ಬಾರದವನ, ಬರೆಯಲು ನಾಚುವವನ, ಬರೆಯಲು ಬಿಡುವಿಲ್ಲದವನ ಮಕ್ಕಳಿಗೆ ದೊರೆಯದು. ಎಲ್ಲಕ್ಕಿಂತ ಹೆಚ್ಚು ಕೊರತೆಯಿರುವ ಕಡೆ ಬೇಡಿಕೆ ಬರೆಯುವ ಉಪಾಧ್ಯಾಯನೇ ಇರುವುದಿಲ್ಲ. ಹುದ್ದೆ ಖಾಲಿಯಿರುವ ತರಗತಿಯು ತನ್ನ ಕಥೆಯನ್ನು ತಾನೇ ಬರೆದುಕೊಳ್ಳಬಲ್ಲುದೆ? ಅದೂ ಅಲ್ಲದೆ, ದಾನಿಗೆ ಪ್ರಿಯವಾದ ವಸ್ತುಗಳೆಂಬುವು ಬೇರೆ ಉಂಟು. ಬಣ್ಣದ ಪುಸ್ತಕ, ಗಣಕಯಂತ್ರ, ದೂರದರ್ಶಕಗಳಿಗೆ ಮನಸ್ಸು ಕರಗುವುದು. ಸೋರುವ ಮಾಡಿಗೂ ಕಟ್ಟಿಕೊಂಡ ಶೌಚಾಲಯದ ಕೊಳವೆಗೂ ಕರಗುವುದು ಕಷ್ಟ.

ಈ 'ಆಯ್ಕೆ'ಯು ಹೊಸದೇನೂ ಅಲ್ಲ. ಕನ್ನಡ ನಾಡಿಗೆ ಇದರ ಪರಿಚಯ ಹಳೆಯದು. ವಾರಾನ್ನದಿಂದ ಓದಿ ಮುಂದೆ ಬಂದ ಹಿರಿಯರನ್ನು ಕುರಿತು ಹೆಮ್ಮೆಯಿಂದ ಮಾತಾಡುವ ಮನೆಗಳು ಇಂದಿಗೂ ಎಷ್ಟೋ ಇವೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಒಂದು ಮನೆಯಲ್ಲಿ ಅಕ್ಕರೆ, ಮತ್ತೊಂದರಲ್ಲಿ ಮೂದಲೆ. ವಾರಕ್ಕೆ ಮನೆ ಸಿಕ್ಕದಿದ್ದ ದಿನ ತಣ್ಣೀರು. ಊಟ ಹಾಕಿದ ತಾಯಂದಿರು ಪುಣ್ಯವತಿಯರು, ಅದಕ್ಕೆ ಎರಡು ಮಾತಿಲ್ಲ. ಆದರೆ ಆ ವಾರವು ಸಾಮಾನ್ಯವಾಗಿ ಯಾರಿಗೆ ದೊರೆಯಿತು? ಜಾತಿಯ ಎಲ್ಲೆಯೊಳಗಿನ ಹುಡುಗನಿಗೆ. ಹುಡುಗಿಗೆ ದೊರೆಯಿತೆಂಬ ಕಥೆಯು ಕಿವಿಗೆ ಬೀಳುವುದೇ ಅಪರೂಪ. ಎಲ್ಲೆಯ ಹೊರಗಿನ ಮಗುವಿಗೆ ವಾರವೂ ಇಲ್ಲ, ಅನ್ನವೂ ಇಲ್ಲ. ದಾನಿಯ ಆಯ್ಕೆಗೆ ಆಗಿದ್ದ ಹಳೆಯ ಹೆಸರು ಇದು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಬಡಿಸತಕ್ಕದ್ದೆಂದು ಆಜ್ಞಾಪಿಸಿತು. 2002ರಲ್ಲಿ ಕರ್ನಾಟಕವು ಈಶಾನ್ಯದ ಏಳು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ'ವನ್ನು ಆರಂಭಿಸಿ, ಬಳಿಕ ಎಲ್ಲ ಜಿಲ್ಲೆಗಳಿಗೂ ಹರಡಿತು. ಅಲ್ಲಿ ತಟ್ಟೆ ಹಿಡಿದು ಕುಳಿತ ಮಗುವನ್ನು ಯಾವ ಮನೆಯೊಡತಿಯೂ ಆರಿಸಿ ಕರೆದುದಲ್ಲ. ಅದು ಉಂಡು, ಕೈತೊಳೆದು, ಆಡಲು ಓಡುವುದು. ಸಾರು ನೀರಾಗಿದ್ದರೆ ಗಟ್ಟಿಯಾಗಿ ಹೇಳುವ ಅಧಿಕಾರವೂ ಅದಕ್ಕುಂಟು. ವಾರದ ಹುಡುಗನು ಸಾರನ್ನು ಕುರಿತು ಬಾಯಿ ಬಿಡಬಹುದಾಗಿತ್ತೆ?

ಇಲ್ಲಿಂದ ವಂದನಪತ್ರದ ವಿಷಯಕ್ಕೆ ಬರಬಹುದು. ಅಮೆರಿಕದ ಆ ಪದ್ಧತಿಯಲ್ಲಿ ದಾನಿಗೆ ತರಗತಿಯ ಭಾವಚಿತ್ರಗಳೂ ಉಪಾಧ್ಯಾಯನ ಕಾಗದವೂ ಲೆಕ್ಕದ ವಿವರವೂ ಹೋಗುವುವು; ಇಂತಿಷ್ಟರ ಮೇಲೆ ಕೊಟ್ಟವರಿಗೆ ಮಕ್ಕಳ ಕೈಬರಹದ ವಂದನೆಗಳೂ ಹೋಗುವುವು. ಲೆಕ್ಕದ ವಿವರ ಸರಿಯಾದದ್ದೇ. ಹಣ ಕೊಟ್ಟವನು ಹಣ ಏನಾಯಿತೆಂದು ಕೇಳಬೇಕಾದದ್ದು ನ್ಯಾಯ. ಉಪಾಧ್ಯಾಯನ ಕಾಗದವೂ ಸಭ್ಯತೆಗೆ ತಕ್ಕುದು. ಆದರೆ ಮಗುವಿನ ವಂದನೆ? ಊರಿನ ಇನ್ನೊಂದು ತುದಿಯ ಸಿರಿವಂತರ ಶಾಲೆಯ ಮಗುವು ತನ್ನ ಪುಸ್ತಕಭಂಡಾರಕ್ಕಾಗಿ ಯಾರಿಗೂ ಕಾಗದ ಬರೆಯುವುದಿಲ್ಲ. ಅದಕ್ಕೆ ಪುಸ್ತಕಗಳು ಗಾಳಿ ಬೆಳಕುಗಳಂತೆ ತಾವಾಗಿ ಇರತಕ್ಕವು. ಬಡ ಮಗುವು ಅಕ್ಷರ ಕಲಿತ ಕೂಡಲೆ ಬರೆಯುವ ಮೊದಲ ನಿಜವಾದ ಪತ್ರವು 'ಕೊಟ್ಟಿರಿ, ಉಪಕಾರವಾಯಿತು' ಎಂಬುದು. ಒಂದೇ ವಯಸ್ಸಿನ ಇಬ್ಬರಿಗೆ ಹೀಗೆ ಎರಡು ಬಗೆಯ ಪೌರನೀತಿಯ ಪಾಠವಾಗುವುದು. ಅದನ್ನು ಯಾವ ಪಠ್ಯಪುಸ್ತಕದಿಂದಲೂ ಅಳಿಸಲಾಗದು.

ಕನ್ನಡ ನಾಡಿನಲ್ಲಿ ಈ ವಂದನೆಯು ಬೇರೆ ರೂಪ ತಾಳುವುದು. ಬೀರುವಿನ ಮೇಲೆ, ಬೆಂಚಿನ ಬೆನ್ನಿನ ಮೇಲೆ, ಗೋಡೆಯ ಮೇಲೆ ದಾನಿಗಳ ನಾಮಾವಳಿ. ನೋಟ್‌ಪುಸ್ತಕ ಹಂಚುವ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಪುಸ್ತಕವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಸಿ, ಭಾವಚಿತ್ರ. ದೇವಾಲಯದ ದೀಪದ ಮೇಲೆ ದಾನಿಯ ಹೆಸರನ್ನು ಬರೆಯಿಸಿ ದೀಪವೇ ಮಂಕಾಗುವುದುಂಟಷ್ಟೆ. ಶಾಲೆಯ ಪಂಖದ ಅಲಗುಗಳ ಮೇಲೆಯೂ ಬರೆಯಿಸುವವರಿರುವರು: ಗಾಳಿ ಬೀಸುವಾಗ ಹೆಸರು ಕಾಣದು, ಹೆಸರು ಕಾಣುವಾಗ ಗಾಳಿಯಿಲ್ಲ.

ಇದಕ್ಕೆ ಎದುರುಪಕ್ಷದವರು ಹೇಳುವ ಮಾತೊಂದುಂಟು, ಅದು ಹಗುರವಾದುದಲ್ಲ. 'ಹಕ್ಕು, ಶಾಸನ ಎಂದು ನೀವು ವಾದಿಸುತ್ತಿರಿ; ಅಷ್ಟರಲ್ಲಿ ಮಗು ದೊಡ್ಡದಾಗುವುದು' ಎನ್ನುವರು. ಇದಕ್ಕೆ ನ್ಯೂಯಾರ್ಕಿನಲ್ಲಿಯೇ ಸಾಕ್ಷ್ಯವಿದೆ. ನಗರದ ಶಾಲೆಗಳಿಗೆ ರಾಜ್ಯವು ಸಾಕಷ್ಟು ಹಣ ಕೊಡುತ್ತಿಲ್ಲವೆಂದು ತಾಯಿತಂದೆಗಳು 1993ರಲ್ಲಿ ದಾವೆ ಹೂಡಿದರು. ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯವು 2003ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. ಎಷ್ಟು ಹಣವೆಂಬುದು ಇತ್ಯರ್ಥವಾಗುವಾಗ 2006 ಆಯಿತು. ದಾವೆ ಹೂಡಿದ ವರ್ಷ ಒಂದನೆಯ ತರಗತಿಗೆ ಸೇರಿದ ಮಗುವು ಅಷ್ಟರಲ್ಲಿ ಹನ್ನೆರಡನೆಯ ತರಗತಿಯನ್ನೂ ದಾಟಿದ್ದಿತು. ಆ ಮಗುವಿಗೆ ಪುಸ್ತಕ ಕೊಟ್ಟವನನ್ನು 'ನೀನು ವ್ಯವಸ್ಥೆಯನ್ನು ಕೆಡಿಸಿದೆ' ಎಂದು ಗದರಿಸುವುದು ಅವಿವೇಕ. ಆದುದರಿಂದ ಕೊಡಬೇಡಿರೆಂದು ಯಾರೂ ಹೇಳತಕ್ಕದ್ದಿಲ್ಲ.

ಆದರೆ ಕೊಟ್ಟುದರಿಂದಲೇ ತೀರಿತೆಂದು ಹೇಳುವವರಿಗೂ ಅಲ್ಲಿಯೇ ಉತ್ತರವಿದೆ. 2018ರ ಮಾರ್ಚಿಯಲ್ಲಿ ರಿಪಲ್ ಎಂಬ ವ್ಯಾಪಾರಸಂಸ್ಥೆಯೊಂದು 2.9 ಕೋಟಿ ಡಾಲರುಗಳನ್ನು ಕೊಟ್ಟು, ಆ ದಿನ ಪಟ್ಟಿಯಲ್ಲಿದ್ದ ಸುಮಾರು 35,000 ಬೇಡಿಕೆಗಳನ್ನೂ ಒಟ್ಟಿಗೆ ತೀರಿಸಿತು. ಪಟ್ಟಿ ಬರಿದಾಯಿತು, ಮತ್ತೆ ತುಂಬಿತು. ಅದೇ ವರ್ಷ ಅಲ್ಲಿಯ ಸರ್ಕಾರವು ಪ್ರಕಟಿಸಿದ ವರದಿಯಂತೆ, 2014-15ರಲ್ಲಿ ಸಾರ್ವಜನಿಕ ಶಾಲೆಗಳ ಉಪಾಧ್ಯಾಯರಲ್ಲಿ ನೂರಕ್ಕೆ 94 ಮಂದಿ ತರಗತಿಗಾಗಿ ಸ್ವಂತ ಹಣ ಹಾಕಿದ್ದರು, ಹಾಕಿದವರು ಸರಾಸರಿ 479 ಡಾಲರಿನಂತೆ. ಶಾಲೆಗಳ ಆದಾಯದ ದೊಡ್ಡ ಭಾಗವು ಆಯಾ ಊರಿನ ಮನೆ ಜಮೀನುಗಳ ತೆರಿಗೆಯಿಂದ ಬರುವ ದೇಶದಲ್ಲಿ ಬಡ ಊರಿನ ಶಾಲೆ ಬಡವಾಗಿಯೇ ಇರುವುದು. ಇದನ್ನು ಪ್ರಶ್ನಿಸಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ತಂದೆತಾಯಿಗಳು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದಾಗ, 1973ರಲ್ಲಿ, ಐವರು ನ್ಯಾಯಾಧೀಶರು ಒಂದು ಕಡೆ ನಾಲ್ವರು ಇನ್ನೊಂದು ಕಡೆಯಾಗಿ, ವಿದ್ಯೆಯು ಆ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲವೆಂದು ತೀರ್ಪಾಯಿತು.

ಭಾರತದ ಸ್ಥಿತಿ ಹಾಗಲ್ಲ. 2002ರ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ವಿದ್ಯೆಯು ಸಂವಿಧಾನದಲ್ಲಿಯೇ ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಶಾಲೆಯ ಕಟ್ಟಡ, ಉಪಾಧ್ಯಾಯರು, ಕಲಿಕೆಯ ಉಪಕರಣಗಳನ್ನು ಒದಗಿಸುವುದು ಸರ್ಕಾರದ ಹೊಣೆಯೆಂದು ಅದು ಬಾಯಿಬಿಟ್ಟು ಹೇಳುತ್ತದೆ. ಪ್ರತಿ ಉಪಾಧ್ಯಾಯನಿಗೆ ಒಂದು ಕೊಠಡಿ, ಹುಡುಗ ಹುಡುಗಿಯರಿಗೆ ಬೇರೆಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಆವರಣದ ಗೋಡೆ ಅಥವಾ ಬೇಲಿ, ವೃತ್ತಪತ್ರಿಕೆ ಕಥೆಪುಸ್ತಕಗಳುಳ್ಳ ಗ್ರಂಥಭಂಡಾರ ಇವೆಲ್ಲವೂ ಅದರ ಅನುಸೂಚಿಯಲ್ಲಿ ಬರೆದಿರುವುವು. ಮೊದಲಿನಿಂದ ಇದ್ದ ಶಾಲೆಗಳು ಇವನ್ನು ಕೂಡಿಸಿಕೊಳ್ಳಲು ಕೊಟ್ಟ ಮೂರು ವರ್ಷದ ಅವಧಿಯು 2013ರ ಮಾರ್ಚಿಗೆ ತೀರಿತು. ಇದಕ್ಕಾಗಿ ತೆರಿಗೆಯ ಮೇಲೆ ಶಿಕ್ಷಣದ ಉಪಕರವನ್ನು 2004ರಿಂದ ಎತ್ತುತ್ತಲೇ ಇದ್ದಾರೆ. ಅಮೆರಿಕದ ಬಡ ಶಾಲೆಯು ಬೇಡಿದರೆ ಅದಕ್ಕೆ ಒಂದು ನೆಪವಾದರೂ ಉಂಟು. ಕೈಯಲ್ಲಿ ಸಾಲಪತ್ರವಿರುವವನು ಭಿಕ್ಷಾಪಾತ್ರೆ ಹಿಡಿಯುವುದಕ್ಕೆ ನೆಪವೇನು?

ಆ ಸಾಲಪತ್ರವನ್ನು ಓದುವ ಕೆಲಸಕ್ಕೆ ವಿದ್ಯಾರ್ಥಿಗಳಿಗಿಂತ ತಕ್ಕವರು ಯಾರು? ಗಾಂಧೀಜಿಯ ಜನ್ಮಶತಾಬ್ದದ ಸಂದರ್ಭದಲ್ಲಿ, 1969ರ ಸೆಪ್ಟೆಂಬರಿನಲ್ಲಿ, 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು ಆರಂಭವಾದಂದಿನಿಂದ ಎಷ್ಟು ಶಾಲೆಯ ಗೋಡೆಗಳಿಗೆ ಸುಣ್ಣ ಬಳಿದಿಲ್ಲ! ಏಳು ದಿನದ ಶಿಬಿರದಲ್ಲಿ ಗೋಡೆ ಬೆಳ್ಳಗಾಗುವುದು; ಶಿಬಿರ ಮುಗಿಯುವುದು; ಎರಡು ಮಳೆಗೆ ಗೋಡೆ ಮೊದಲಿನಂತಾಗುವುದು. ಈಚೆಗೆ ದಾನಿಗಳನ್ನು ಹುಡುಕುವ ಕೆಲಸವೂ ಸೇರಿದೆ. ವಿದ್ಯಾರ್ಥಿಗಳು ಶಾಲೆಗೆ ಹೋಗಿ ಕೊರತೆಗಳ ಪಟ್ಟಿ ಮಾಡಿ, ಚಿತ್ರ ತೆಗೆದು, ಉಳ್ಳವರಿಗೆ ಕಳುಹಿಸುವರು. ಪಟ್ಟಿ ಸತ್ಯವಾದುದೇ. ಅದು ಹೋಗುವ ವಿಳಾಸ ಮಾತ್ರ ತಪ್ಪು.

ಕಾಯಿದೆಯ 22ನೆಯ ಪ್ರಕರಣದಲ್ಲಿ ಒಂದು ಮಾತುಂಟು: ಶಾಲೆಯ ಸಮಿತಿಯು ಅಭಿವೃದ್ಧಿಯ ಯೋಜನೆಯನ್ನು ಬರೆಯತಕ್ಕದ್ದು, ಸರ್ಕಾರದ ಯೋಜನೆಗಳಿಗೂ ಅನುದಾನಗಳಿಗೂ ಅದೇ ಆಧಾರವಾಗತಕ್ಕದ್ದು. ಕರ್ನಾಟಕದಲ್ಲಿ ಇದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಕೆಲಸ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಾಯಿತಂದೆಗಳಿರಬೇಕು, ಅರ್ಧದಷ್ಟು ಹೆಂಗಸರಿರಬೇಕೆಂದು ಕಾಯಿದೆಯ ವಿಧಿ. ಹೊಲಕ್ಕೆ ಕೂಲಿಗೆ ಹೋಗುವ ತಾಯಿಯು ಮೂರು ವರ್ಷದ ಖರ್ಚಿನ ಅಂದಾಜನ್ನು ನಮೂನೆಯಲ್ಲಿ ತುಂಬುವುದು ಹೇಗೆ? ಅವಳಿಗೆ ಕೊರತೆ ಗೊತ್ತು, ನಮೂನೆ ಗೊತ್ತಿಲ್ಲ. ಕಾಲೇಜಿನ ಹುಡುಗನಿಗೆ ನಮೂನೆ ಗೊತ್ತಾಗಬಲ್ಲುದು, ಕೊರತೆ ಗೊತ್ತಿಲ್ಲ. ಇಬ್ಬರೂ ಜಗಲಿಯ ಮೇಲೆ ಎರಡು ಸಂಜೆ ಕುಳಿತರೆ ಬ್ರಾಂಕ್ಸಿನ ಮಕ್ಕಳ 2,000 ಲಕೋಟೆಗಳಿಗಿಂತ ಬಲವಾದ ಒಂದು ಕಾಗದ ಸಿದ್ಧವಾಗುವುದು. ಕೊಠಡಿಗಳನ್ನು ಎಣಿಸಿ, ಉಪಾಧ್ಯಾಯರನ್ನು ಎಣಿಸಿ, ನಲ್ಲಿಯನ್ನು ತಿರುಗಿಸಿ ನೋಡಿ, ಅನುಸೂಚಿಯ ಪಕ್ಕದಲ್ಲಿ ಇದ್ದುದನ್ನೂ ಇಲ್ಲದುದನ್ನೂ ಬರೆದು, ತಾಯಂದಿರ ಸಹಿ ಹೆಬ್ಬೆಟ್ಟುಗಳೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಗೆ ಮುಟ್ಟಿಸಿ, ಮುಟ್ಟಿದುದಕ್ಕೆ ರಸೀತಿ ಪಡೆಯಬೇಕು. ಉತ್ತರ ಬಾರದಿದ್ದರೆ ಕೇಳುವುದಕ್ಕೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಸುಣ್ಣ ಬಳಿದ ಹಾಗೆ ಇದರ ಚಿತ್ರ ಚೆನ್ನಾಗಿ ಬರುವುದಿಲ್ಲವೆಂಬುದೊಂದೇ ಕೊರತೆ.

ಇನ್ನು ಕೊಡುವ ಮನೆಗಳ ಮಾತು. ಮಗನ ಹುಟ್ಟುಹಬ್ಬಕ್ಕೆಂದೋ ತಂದೆಯ ತಿಥಿಗೆಂದೋ ಸರ್ಕಾರಿ ಶಾಲೆಗೆ ಬೀರುವನ್ನೋ ಪುಸ್ತಕಗಳನ್ನೋ ಕೊಡುವವರು ಕೊಡಲಿ. ಬೀರುವಿನ ಮೇಲೆ ಹೆಸರು ಬೇಡ. ಮಕ್ಕಳನ್ನು ಸಾಲು ನಿಲ್ಲಿಸುವುದು ಬೇಡ. ವಂದನಪತ್ರವನ್ನು ಬೇಡವೆಂದು ಮೊದಲೇ ಹೇಳಬೇಕು. ಅಂಗಡಿಯ ಬಿಲ್ಲಿನ ಒಂದು ಪ್ರತಿಗೆ ಎರಡು ಸಾಲಿನ ಕಾಗದವನ್ನು ಲಗತ್ತಿಸಿ, ಇಂಥ ಶಾಲೆಗೆ ತಾವು ಒದಗಿಸಬೇಕಾಗಿದ್ದ ಇಷ್ಟು ಪುಸ್ತಕಗಳನ್ನು ತಮ್ಮ ಪರವಾಗಿ ಈ ದಿನ ಒದಗಿಸಿದೆ, ಉಳಿದವು ಯಾವಾಗ ಬರುವುವೆಂದು ತಿಳಿಸಬೇಕೆಂದು ಬರೆದು, ಅದನ್ನೂ ಅದೇ ಕಛೇರಿಗೆ ಅಂಚೆಯಲ್ಲಿ ಕಳುಹಿಸಬೇಕು. ವಂದನಪತ್ರವು ಬರಲೇಬೇಕೆಂದು ಆಸೆಪಡುವ ದಾನಿಗಳು ಅದನ್ನು ಆ ಕಛೇರಿಯಿಂದ ನಿರೀಕ್ಷಿಸಬಹುದು.